ಮೊಂಡಿಯ ತಟ್ಟೆ

ಆ ಹೊದಿಕೆಯನ್ನು ನಾನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದೆ. ಜೊಲ್ಲು, ಕೂದಲು, ಹಳೇ ಉಚ್ಚೆ. ಎಂಥೆಂಥ ಕೊಳಕು ಕಂಡ ಲಾಂಡ್ರಿಯವಳು ನಾನು, ನಾನೂ ಮೂಗು ಮುಚ್ಚಿಕೊಂಡೆ. ಬಿಸಿನೀರಿನಲ್ಲಿ ಕುದಿಸಿ ಒಗೆದು, ಇಸ್ತ್ರಿ ಮಾಡಿ, ಎದುರಿನ ಕನ್ನಡಕದ ಅಂಗಡಿಯವರ ಕೈಗೆ ಕೊಟ್ಟೆ.

ಅವರು ಅದನ್ನು ಮೂಸಿ ನೋಡಿ, ಇಂಗು ತಿಂದ ಮಂಗನ ಹಾಗೆ ನಿಂತರು.

“ಇದು ಬಟ್ಟೆ ಜೊತೆ ತಪ್ಪಿ ಬಂದ್ಬಿಟ್ಟಿದೆ. ತೀರ್ಕೊಂಡ ನಮ್ಮ ಅಜ್ಜಂದು.”

“ನಿಮ್ಮ ಅಜ್ಜನಿಗೆ ಇಷ್ಟೊಂದು ಕೂದಲಿತ್ತಾ?”

“ಅಜ್ಜ ಅಂದ್ರೆ ನಮ್ಮ ನಾಯಿ ರೀ. ಅವನ ಜೊತೆಗಾತಿ ಮೊಂಡಿ ಇದರಲ್ಲಿದ್ದ ಅವನ ವಾಸನೆ ಹಿಡ್ಕೊಂಡೇ ಮಲಗ್ತಿದ್ಲು, ಈಗ ಅದೂ ಹೋಯ್ತು. ಅವನು ಹೋದಾಗಿಂದ ಊಟ ಮುಟ್ಟಿಲ್ಲ. ಹೀಗೇ ಆದ್ರೆ ಉಳಿಯಲ್ಲ ಅಂದಿದಾರೆ ಡಾಕ್ಟ್ರು.”

ನಾಯಿ ಅಂದರೆ ನನಗೆ ಅಷ್ಟಕ್ಕಷ್ಟೆ. ಆದರೆ ಈ ಮನುಷ್ಯ ನನಗಿಷ್ಟ, ಸುಳ್ಳೇಕೆ? ಕನ್ನಡಕ ಸರಿಮಾಡುವ ನೆಪದಲ್ಲಿ ನನ್ನ ಕಣ್ಣನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡುತ್ತಿದ್ದವರು ಈಗ ತಲೆಯೇ ಎತ್ತಲಿಲ್ಲ. ಅದನ್ನು ಸಹಿಸಲಾಗಲಿಲ್ಲ. ಸಂಜೆ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ.

ಥೂ, ಎಂಥ ನಾತ. ಸೋಫಾ ತುಂಬ ಕೂದಲು. ಮೊಂಡಿ ಕಣ್ಣಿಗೆಲ್ಲ ಪಿಸುರು ಮೆತ್ತಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ಮುಂದಿನ ತಟ್ಟೆಯಲ್ಲಿ ಉಪ್ಪಿಲ್ಲದ ಅನ್ನ, ಮೊಟ್ಟೆ, ಮೇಲೆ ನೊಣ.

“ಅಜ್ಜ ಬಾಯಿ ಹಾಕೋ ತನಕ ಇವಳು ಯಾವತ್ತೂ ತಿಂದವಳೇ ಅಲ್ಲ,” ಅಂದರು.

“ಹಾಗಾದ್ರೆ ಯಾರಾದ್ರೂ ಮೊದಲು ತಿನ್ನಬೇಕು.”

“ನಾನು ಪಕ್ಕದಲ್ಲೇ ಕೂತು ತಿಂದೆ. ನನ್ನ ತಟ್ಟೇಲಿ.”

“ನಿಮ್ಮ ತಟ್ಟೇಲಿ ತಿಂದ್ರೆ ಅದಕ್ಕೇನು ಬಂತು?”

ಹೇಳಿದ್ದೇನೋ ಹೇಳಿದೆ, ಮಾಡುವವರು ಯಾರು? ಅವರು ನನ್ನನ್ನು ನೋಡಿದರು, ನಾನು ನೊಣಗಳನ್ನು ನೋಡಿದೆ. ಕೊನೆಗೆ ನೊಣ ಓಡಿಸಿ, ನೆಲದ ಮೇಲೆ ಕೂತು, ನಾಯಿಯ ತಟ್ಟೆಯಿಂದಲೇ ಒಂದು ತುತ್ತು ಬಾಯಿಗಿಟ್ಟೆ. ತಣ್ಣಗೆ, ಲೋಳೆ ಲೋಳೆಯಾಗಿತ್ತು. ವಾಕರಿಕೆ ತಡೆದುಕೊಂಡು ನುಂಗಿದೆ.

ಮೊಂಡಿ ಎದ್ದು ಬಂತು. ನನ್ನ ಬಾಯಿ ಮೂಸಿತು, ಆಮೇಲೆ ತಟ್ಟೆ. ಗಬಗಬನೆ ತಿಂದಿತು. ತಿಂದು, ನನ್ನ ಮಡಿಲಲ್ಲೇ ಅರ್ಧ ಕಕ್ಕಿತು.

ಅವರು ಟವೆಲ್ ತಂದು ಒರೆಸತೊಡಗಿದರು. ಕಣ್ಣು ತುಂಬಿತ್ತು. “ಅಸಹ್ಯ ಆಗ್ತಿದೆ ಅಲ್ವಾ?”

“ತುಂಬಾ.” ಬಿಸಿ ವಾಂತಿ ತೊಡೆಗೆ ಇಳಿಯುತ್ತಿತ್ತು. “ಆದ್ರೆ ಇನ್ನರ್ಧ ಹೊಟ್ಟೇಲಿ ಉಳೀತಲ್ಲ. ನಾಳೆ ಸ್ವಲ್ಪ ಕಮ್ಮಿ ಹಾಕಿ.”

“ನಾಳೆನೂ ಬರ್ತೀರಾ?”

“ಅವಳು ಒಬ್ಬಳೇ ತಿನ್ನಲ್ವಲ್ಲ.”

ಒರೆಸುವ ಕೈ ನಿಂತಿತು. “ನಾನೂ ಒಬ್ಬನೇ ತಿಂತಿದೀನಿ,” ಅಂದರು ನೆಲ ನೋಡುತ್ತ. “ತುಂಬಾ ವರ್ಷದಿಂದ.”

“ಹಾಗಾದ್ರೆ ನಿಮ್ಮ ತಟ್ಟೆಗೂ ಕೈ ಹಾಕ್ತೀನಿ,” ಅಂದೆ. “ಮೊದಲು ಅದನ್ನ ಚೆನ್ನಾಗಿ ತೊಳೀರಿ.”