ಹದಿಮೂರನೆಯ ಸಾಲು

ಬಹಳ ಬಹಳ ಹಿಂದೆ, ಮರಗಳು ಇನ್ನೂ ದಾರಿ ಹೇಳುತ್ತಿದ್ದ ಕಾಲದಲ್ಲಿ, ಮಣಿಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಎಂಟು ಬೆಟ್ಟ, ಬೆಟ್ಟಕ್ಕೊಂದು ದಾರಿಮರ. ದಾರಿಮರಕ್ಕೆ ಇಡೀ ರಾಜ್ಯವೇನೂ ಗೊತ್ತಿರಲಿಲ್ಲ. ಪಕ್ಕದ ಬೆಟ್ಟದ ಮರ ಯಾವ ಕಡೆಗಿದೆ ಎಂಬುದಷ್ಟೇ ಗೊತ್ತು. ಸುದ್ದಿ ಹೊತ್ತ ಗೊರವಂಕ ಹಕ್ಕಿ ಬಂದು ಕೂತು, ಇಂಥ ಬೆಟ್ಟಕ್ಕೆ ಹೋಗಬೇಕು ಎಂದರೆ ಮರ ಒಂದು ಕೊಂಬೆ ಎತ್ತಿ ತೋರಿಸುತ್ತಿತ್ತು. ಹಕ್ಕಿ ಅತ್ತ ಹಾರಿ ಮುಂದಿನ ಮರವನ್ನು ಕೇಳುತ್ತಿತ್ತು. ಹೀಗೆ ಕೇಳುತ್ತ ಕೇಳುತ್ತ ಊರು ಸೇರುತ್ತಿತ್ತು. ಗೊರವಂಕ ಮಾತು ಕಲಿಯುವ ಹಕ್ಕಿ ಹೌದು, ಆದರೆ ತಲೆ ಪುಟ್ಟದು. ಒಂದು ಹಕ್ಕಿಗೆ ಒಂದು ಸಾಲಿಗಿಂತ ಹೆಚ್ಚು ನೆನಪಿರುತ್ತಿರಲಿಲ್ಲ.

ಈ ವಿದ್ಯೆ ಕಲಿಸುವುದಕ್ಕೆಂದೇ ರಾಜಧಾನಿಯಲ್ಲಿ ಸುದ್ದಿಶಾಲೆ ಇತ್ತು. ಎರಡನೆಯ ಬೆಟ್ಟದ ಬುಟ್ಟಿ ಹೆಣೆಯುವ ಲಕ್ಕಪ್ಪನ ಮಗಳು ಗಿರಿಯವ್ವ ಆ ವರ್ಷ ಅಲ್ಲಿಗೆ ಸೇರಿದಳು. ಸೇರಿದ ಮೇಲೆ ಅವಳಿಗೆ ನಿರಾಶೆಯೇ ಆಯಿತು. ಮೇಲಿನ ತರಗತಿಯವರು ಗರುಡಗಳನ್ನು ಪಳಗಿಸುತ್ತಿದ್ದರು. ಮೊದಲ ವರ್ಷದವರಿಗೆ ಮುದುಕ ಗುರು ಸಂಗಮಯ್ಯ ಕಲಿಸಿದ್ದು ಮಕ್ಕಳಾಟಿಕೆಯಂಥ ನಾಲ್ಕು ಕಟ್ಟಳೆ. ಮೊದಲು 'ಇದ್ದೀಯಾ?' ಎಂದು ಹಕ್ಕಿ ಕಳಿಸಬೇಕು. 'ಇದ್ದೀನಿ, ನೀನಿದ್ದೀಯಾ?' ಎಂದು ಉತ್ತರ ಬರಬೇಕು. 'ಇದ್ದೀನಿ' ಎಂದು ತಿರುಗಿ ಹೇಳಬೇಕು. ಆಮೇಲೆ ಪ್ರತಿ ಸಾಲಿಗೂ ಒಂದು ಅಂಕಿ ಹಚ್ಚಿ ಕಳಿಸಬೇಕು. ಉತ್ತರ ಬರದಿದ್ದರೆ ಬೇಸರಿಸದೆ ಅದೇ ಸಾಲನ್ನು ಮತ್ತೆ ಕಳಿಸಬೇಕು. ಕೊನೆಯ ಕಟ್ಟಳೆ ಎಲ್ಲಕ್ಕಿಂತ ವಿಚಿತ್ರ. ಸಾಲು ಪಡೆದವನು 'ಇಷ್ಟನೆಯದು ಬಂತು' ಎನ್ನಕೂಡದು, 'ಮುಂದೆ ಇಷ್ಟನೆಯದು ಕಳಿಸು' ಎನ್ನಬೇಕು. ನಾಲ್ಕು ಬಂದರೆ 'ಮುಂದೆ ಐದು'.

ಇಷ್ಟು ಕಲಿಯಲು ಒಂದು ವರ್ಷ ಬೇಕೇ ಎಂದು ಗಿರಿಯವ್ವ ಒಮ್ಮೆ ಕೇಳಿಯೇ ಬಿಟ್ಟಳು. ಸಂಗಮಯ್ಯ ಎಲೆಯಡಿಕೆ ಮೆಲ್ಲುತ್ತ, ಕಲಿಯಲು ಒಂದು ದಿನ ಸಾಕು, ಕೈಬಿಡದಿರಲು ಒಂದು ವರ್ಷ ಬೇಕು ಎಂದರು.

ರಜೆಗೆ ಊರಿಗೆ ಹೋದಾಗ ಅವಳು ಅಣ್ಣ ಚೌಡನನ್ನು ಕೂರಿಸಿಕೊಂಡು ಪಾಠ ಒಪ್ಪಿಸುತ್ತಿದ್ದಳು. ಅಂಗಳದ ಆ ಕಡೆ ಅವನು, ಈ ಕಡೆ ಇವಳು, ಕೈಯಲ್ಲಿ ಬಿದಿರುಸೀಳು, ನಡುವೆ ಹಾರಾಡುವ ಗೊರವಂಕ. "ಎದುರಿಗೇ ಕೂತಿದ್ದೀನಿ, ಆದ್ರೂ ಇದ್ದೀಯಾ ಅಂತ ಕೇಳ್ತೀಯಲ್ಲೇ" ಎಂದು ಚೌಡ ಕಾಡುತ್ತಿದ್ದ. ಹನ್ನೆರಡು ಸಾಲಿನ ಪದ ಮುಗಿದರೆ ಬೇಕೆಂದೇ 'ಮುಂದೆ ಹದಿಮೂರು' ಎಂದು ಹೇಳಿ ಕಳಿಸುತ್ತಿದ್ದ. ಹದಿಮೂರು ಎಲ್ಲಿಂದ ತರಲಿ, ಪದ ಮುಗಿಯಿತಲ್ಲ ಎಂದು ಅವಳು ಸಿಡುಕಿದರೆ, "ನಿಮ್ಮ ಗುರುಗಳ ಕಟ್ಟಳೆ ಕಣೇ ಇದು. ಕೊನೇದು ಬಂದ್ರೂ ಮುಂದಿಂದೇ ಕೇಳ್ಬೇಕು" ಎಂದು ನಗುತ್ತಿದ್ದ. ಅಪ್ಪ ಲಕ್ಕಪ್ಪ ಇಬ್ಬರನ್ನೂ ನೋಡಿ, ಮಾತು ಸಾಕು, ಬುಟ್ಟಿ ಹೆಣೆಯಿರಿ ಎನ್ನುತ್ತಿದ್ದ.

ಹೀಗಿರುವಾಗ ಎಂಟನೆಯ ಬೆಟ್ಟಕ್ಕೆ ಮಾತುನುಂಗಿ ಎಂಬ ಮಾಂತ್ರಿಕ ಬಂದು ಸೇರಿಕೊಂಡ. ಅವನ ಬಾಯಿ ಗುಹೆಯಷ್ಟು ಅಗಲ, ಎದೆಯೊಳಗಿದ್ದದ್ದು ಹೃದಯವಲ್ಲ, ಕಲ್ಲು. ಪರರ ಸುದ್ದಿಯೇ ಅವನಿಗೆ ಊಟ. ಅವನು ಬೆಟ್ಟದ ನೆಲಕ್ಕೆ ಮಾಟ ಮಾಡಿದ. ಅಲ್ಲಿ ಕಾಲಿಟ್ಟವರೆಲ್ಲ ಕಲ್ಲಾಗಬೇಕು, ಹುಣ್ಣಿಮೆ ಕಳೆದರೆ ಎಂದೆಂದಿಗೂ ಕಲ್ಲಾಗಿಯೇ ಉಳಿಯಬೇಕು. ಆ ಹೊತ್ತಿಗೆ ಅಲ್ಲಿ ಬಿದಿರು ಕಡಿಯುತ್ತಿದ್ದ ಲಕ್ಕಪ್ಪನೂ ಅವನ ಕೇರಿಯ ನಲವತ್ತು ಜನವೂ ನಿಂತಲ್ಲೇ ಕಲ್ಲಾದರು. ಹಣ್ಣಿಗೆಂದು ಅತ್ತಿಮರ ಹತ್ತಿದ್ದ ಚೌಡನೊಬ್ಬ ಉಳಿದ. ಇಳಿದರೆ ಅವನೂ ಕಲ್ಲು. ಪುಣ್ಯಕ್ಕೆ ಆ ಅತ್ತಿಮರವೇ ಆ ಬೆಟ್ಟದ ದಾರಿಮರವಾಗಿತ್ತು. ತಿನ್ನಲು ಹಣ್ಣಿತ್ತು, ಕುಡಿಯಲು ಪೊಟರೆಯಲ್ಲಿ ಒಂದಿಷ್ಟು ನೀರಿತ್ತು.

ಏಳನೆಯ ಬೆಟ್ಟದ ಕುರುಬರು ಇದನ್ನೆಲ್ಲ ದೂರದಿಂದ ಕಂಡು ಓಡಿಬಂದು ಅರಸನಿಗೆ ಸುದ್ದಿ ಮುಟ್ಟಿಸಿದಾಗ ಹುಣ್ಣಿಮೆಗೆ ಒಂಬತ್ತೇ ದಿನವಿತ್ತು. ಗಿರಿಯವ್ವ ಕೇಳಿದಳು, ಕಂಬ ಹಿಡಿದು ನಿಂತಳು. ಅಪ್ಪನ ಬೈಗುಳ ಕೂಡ ಆಗ ಅವಳಿಗೆ ಬೇಕೆನಿಸಿತು.

ಕಲ್ಲು ಕರಗಿಸುವ ಮಂತ್ರ ಅರಮನೆಯ ತಾಳೆಗರಿಯಲ್ಲಿತ್ತು. ಹನ್ನೆರಡು ಸಾಲು. ಆ ಬೆಟ್ಟದ ಮೇಲೆಯೇ ಇರುವವನು ಅದನ್ನು ಕ್ರಮ ತಪ್ಪದೆ ಒಂದೇ ಉಸಿರಿಗೆ ಹೇಳಬೇಕು. ಒಂದು ಸಾಲು ಬಿಟ್ಟರೂ ಹೇಳಿದವನೇ ಕಲ್ಲಾಗುತ್ತಾನೆ. ದಳವಾಯಿ ಮೀಸೆ ತಿರುವಿ, ಇದಕ್ಕೇಕೆ ಚಿಂತೆ ಎಂದು ಹನ್ನೆರಡು ಸಾಲನ್ನೂ ಅರಮನೆಯ ಗರುಡನಿಗೆ ಕಲಿಸಿ ಹಾರಿಸಿದ. ಗರುಡ ಠೀವಿಯಿಂದ ಹೋಯಿತು. ಮಾತುನುಂಗಿ ಬಾಯ್ತೆರೆದು ಗುಳುಂ ಎಂದು ನುಂಗಿ ತೇಗಿದ. ದಳವಾಯಿಯ ಮೀಸೆ ಇಳಿಯಿತು.

ಆಗ ಸಂಗಮಯ್ಯ ಎದ್ದು, ಮಹಾಸ್ವಾಮಿ, ನನ್ನ ಮೊದಲ ವರ್ಷದ ಹುಡುಗಿಗೆ ಅಪ್ಪಣೆ ಕೊಡಿ ಎಂದರು. ಸಭೆ ನಕ್ಕಿತು. ಗರುಡನಿಂದ ಆಗದ್ದು ಗೊರವಂಕದಿಂದ ಆದೀತೇ ಎಂದು ಗಿರಿಯವ್ವ ಗುರುವಿನ ಕಿವಿಯಲ್ಲಿ ಕೇಳಿದಳು.

"ತಾಯಿ, ಪಳಗಿದ ಗರುಡ ಇದ್ದದ್ದು ಒಂದೇ, ಹೋದರೆ ಹೋಯಿತು. ಗೊರವಂಕ ನಮ್ಮಲ್ಲಿ ಸಾವಿರ ಇವೆ" ಎಂದರು ಗುರು. "ಎಲ್ಲಕ್ಕಿಂತ ಮಿಗಿಲಾಗಿ, ಆ ಕಡೆ ಕೂತವನಿಗೂ ನಮ್ಮ ಕಟ್ಟಳೆ ಗೊತ್ತಿದೆ."

ಅರಮನೆಯ ಅಂಗಳದಿಂದ ಗಿರಿಯವ್ವ ಮೊದಲ ಹಕ್ಕಿ ಬಿಟ್ಟಳು. ಅಣ್ಣಾ, ಇದ್ದೀಯಾ? ಬೆಳಗು ಕಳೆದು ಮಧ್ಯಾಹ್ನವಾಯಿತು, ಉತ್ತರವಿಲ್ಲ. ಮಾತುನುಂಗಿ ನುಂಗಿದ್ದ. ಅವಳು ಮತ್ತೆ ಬಿಟ್ಟಳು. ಮೂರನೆಯ ಹಕ್ಕಿಗೆ ಉತ್ತರ ಬಂತು. 'ಇದ್ದೀನಿ, ನೀನಿದ್ದೀಯಾ?' ಸಭೆಗೆ ಅದು ಎರಡು ಮಾತು, ಅವಳಿಗೆ ಅಣ್ಣನ ಜೀವ. ಕಣ್ಣೊರೆಸಿಕೊಂಡು 'ಇದ್ದೀನಿ, ಕಲ್ಲು ಕರಗಿಸೋ ಮಂತ್ರ ಹನ್ನೆರಡು ಸಾಲು, ಒಂದೇ ಉಸಿರಿಗೆ ಹೇಳ್ಬೇಕು' ಎಂದು ಕಳಿಸಿದಳು.

ಆಮೇಲೆ ಒಂದೊಂದೇ ಸಾಲು. ಉತ್ತರ ಬಂದರೆ ಮುಂದಿನದು, ಬಾರದಿದ್ದರೆ ಅದೇ ಇನ್ನೊಮ್ಮೆ. ಒಂದೇ ಸಾಲು ಎರಡು ಸಲ ಮುಟ್ಟಿದರೆ ಅಂಕಿ ಕೇಳಿ ಚೌಡ ಎರಡನೆಯದನ್ನು ಬಿಟ್ಟುಬಿಡುತ್ತಿದ್ದ. ನುಂಗುವವನಿಗೆ ನುಂಗುವ ಕೆಲಸ, ಕಳಿಸುವವಳಿಗೆ ಕಳಿಸುವ ಕೆಲಸ. ಆದರೆ ನಾಲ್ಕು ದಿನ ಕಳೆದರೂ ಚೌಡನ ಬೇಡಿಕೆ 'ಮುಂದೆ ನಾಲ್ಕು' ಎಂಬಲ್ಲೇ ಇತ್ತು. ಹೀಗಾದರೆ ಹುಣ್ಣಿಮೆ ದಾಟುತ್ತದೆಂದು ಗಿರಿಯವ್ವ ಧೈರ್ಯ ಮಾಡಿ ನಾಲ್ಕರಿಂದ ಎಂಟರವರೆಗೆ ಐದು ಹಕ್ಕಿಗಳನ್ನು ಒಟ್ಟಿಗೇ ಬಿಟ್ಟಳು.

ಮಾತುನುಂಗಿ ಎರಡನೆಯ ಆಟ ಹೂಡಿದ. ಸುಂಟರಗಾಳಿ ಎಬ್ಬಿಸಿ ದಾರಿಮರಗಳ ಕೊಂಬೆ ತಿರುಚಿದ. ಹಕ್ಕಿಗಳು ಒಂದೊಂದು ದಿಕ್ಕಿಗೆ ಚದರಿ, ಎಂಟನೆಯ ಸಾಲು ಮೊದಲು, ಐದು ಆಮೇಲೆ ಮುಟ್ಟಿತು. ಚೌಡ ಅಂಕಿ ಕೇಳಿ ಅವನ್ನು ಕೊಂಬೆಯ ಮೇಲೆ ಜಾಗ ಬಿಟ್ಟು ಬಿಟ್ಟು ಕೂರಿಸಿದ. ಅತ್ತ ರಾಜಧಾನಿಗೆ ಒಂದೇ ಉತ್ತರ ಮತ್ತೆ ಮತ್ತೆ ಬಂತು. 'ಮುಂದೆ ನಾಲ್ಕು.' 'ಮುಂದೆ ನಾಲ್ಕು.' 'ಮುಂದೆ ನಾಲ್ಕು.' ನಿನ್ನ ಅಣ್ಣನಿಗೆ ತಲೆ ಕೆಟ್ಟಿರಬೇಕು ಎಂದ ದಳವಾಯಿ. ಗಿರಿಯವ್ವ ನಕ್ಕಳು. ಉಳಿದವು ಮುಟ್ಟುತ್ತಿವೆ, ನಾಲ್ಕು ಮಾತ್ರ ಕಳೆದಿದೆ ಎಂದು ಅವಳಿಗೆ ತಿಳಿಯಿತು. ನಾಲ್ಕನ್ನೊಂದೇ ಮತ್ತೆ ಬಿಟ್ಟಳು. ಸಂಜೆಯೊಳಗೆ ಉತ್ತರ ಬಂತು. 'ಮುಂದೆ ಒಂಬತ್ತು.' ಅರಸನಿಗೂ ಆಗ ಕಟ್ಟಳೆಯ ಗುಟ್ಟು ತಿಳಿಯಿತು, ಅವನು ಸಿಂಹಾಸನ ಬಿಟ್ಟಿಳಿದು ಅಂಗಳದಲ್ಲಿ ಬಂದು ಕೂತ.

ಎಂಟನೆಯ ದಿನಕ್ಕೆ ಬೇಡಿಕೆ 'ಮುಂದೆ ಹನ್ನೆರಡು' ಎಂಬಲ್ಲಿಗೆ ಬಂತು. ಗಿರಿಯವ್ವ ಕೊನೆಯ ಸಾಲು ಕಳಿಸಿದಳು. ಮಾತುನುಂಗಿ ಈಗ ಮೂರನೆಯ ಆಟ ಹೂಡಿದ. ಆ ಹಕ್ಕಿಯನ್ನು ನುಂಗಿ, ಅದರದೇ ಬಣ್ಣದ ಮಾಯಾಹಕ್ಕಿ ಮಾಡಿ, ಚೌಡನದೇ ದನಿ ಕೊಟ್ಟು ಕಳಿಸಿದ. ಅದು ಅಂಗಳಕ್ಕಿಳಿದು, "ಹನ್ನೆರಡು ಬಂತು. ಎಲ್ಲ ಬಂತು. ಇನ್ನು ಕಳಿಸಬೇಡ" ಎಂದಿತು.

ಡೋಲು ಬಾರಿಸಿದರು, ಸಕ್ಕರೆ ಹಂಚಿದರು. ದಳವಾಯಿಯಂತೂ ಕುಣಿದೇ ಬಿಟ್ಟ. ಗಿರಿಯವ್ವನಿಗೂ ಒಮ್ಮೆ ಕೂತು ಅತ್ತುಬಿಡೋಣ ಎನಿಸಿತು, ಅಷ್ಟು ದಣಿದಿದ್ದಳು. ಆದರೆ ಇನ್ನೊಂದು ಗೊರವಂಕ ಕೈಗೆತ್ತಿಕೊಂಡಳು. ಬಂದಿದೆಯಲ್ಲ ಮಗಳೇ, ಅಣ್ಣನ ದನಿಯೇ ಅಲ್ಲವೇ ಎಂದ ಅರಸ.

"ದನಿ ಅಣ್ಣಂದೇ ಮಹಾಸ್ವಾಮಿ, ಮಾತು ಅಣ್ಣಂದಲ್ಲ" ಎಂದಳು ಅವಳು. "ಹನ್ನೆರಡು ಬಂದಿದ್ದರೆ ಅವನು ಹದಿಮೂರು ಕೇಳುತ್ತಿದ್ದ."

ಮಂತ್ರಕ್ಕೆ ಇರುವುದೇ ಹನ್ನೆರಡು ಸಾಲಲ್ಲವೇ ಎಂದರು ಎಲ್ಲರೂ. ಸಂಗಮಯ್ಯ ಮಾತ್ರ ಹಕ್ಕಿಯ ಪಂಜರ ತಂದು ಅವಳ ಪಕ್ಕ ಇಟ್ಟರು.

ಅವಳು ಹನ್ನೆರಡನೆಯ ಸಾಲು ಮತ್ತೆ ಕಳಿಸಿದಳು. ಅವನು ನುಂಗಿದ. ಮತ್ತೆ ಕಳಿಸಿದಳು. ಮತ್ತೆ ನುಂಗಿದ. ಒಂಬತ್ತನೆಯ ದಿನದ ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಅವನ ಹೊಟ್ಟೆಯಲ್ಲಿ ಎಪ್ಪತ್ತು ಗೊರವಂಕಗಳು ಒಂದೇ ಸಾಲನ್ನು ಒಟ್ಟಿಗೆ ಒದರುತ್ತಿದ್ದವು. ಒಂದೇ ಮಾತನ್ನು ಎಪ್ಪತ್ತು ಸಲ ನುಂಗಿದರೆ ಎಂಥ ಮಾಂತ್ರಿಕನಿಗಾದರೂ ಅಜೀರ್ಣವೇ. ಅವನಿಗೆ ಬಿಕ್ಕಳಿಕೆ ಹತ್ತಿತು. ಹೊಟ್ಟೆ ಹಿಡಿದುಕೊಂಡು ಅವನು ಬಗ್ಗಿದಾಗ ಎಪ್ಪತ್ತೊಂದನೆಯ ಹಕ್ಕಿ ಅವನ ತಲೆಯ ಮೇಲಿಂದಲೇ ಹಾರಿ ಅತ್ತಿಮರದ ಮೇಲೆ ಕೂತಿತು.

ಬಿಸಿಲು ಇಳಿಯುವ ಹೊತ್ತಿಗೆ ಅರಮನೆಯ ಅಂಗಳಕ್ಕೆ ಒಂದು ಗೊರವಂಕ ಬಂತು, ರೆಕ್ಕೆಯೆಲ್ಲ ಧೂಳು. "ಮುಂದೆ ಹದಿಮೂರು" ಎಂದಿತು ಹಕ್ಕಿ.

ಗಿರಿಯವ್ವ ಅಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಇಷ್ಟು ದಿನ ಇಲ್ಲವೆನ್ನುತ್ತಿದ್ದ ಹದಿಮೂರನೆಯ ಸಾಲನ್ನು ಹಕ್ಕಿಗೆ ಕಲಿಸಿದಳು.

ಅತ್ತ ಚೌಡ ಕೊಂಬೆಯ ಮೇಲೆ ನಿಂತು ಹನ್ನೆರಡು ಸಾಲನ್ನೂ ಒಂದೇ ಉಸಿರಿಗೆ ಹೇಳಿದ. ಬೆಟ್ಟದಲ್ಲಿ ಕಲ್ಲಾಗಿದ್ದವರೆಲ್ಲ ಕರಗಿ ಮನುಷ್ಯರಾದರು. ಲಕ್ಕಪ್ಪ ಎತ್ತಿದ್ದ ಕತ್ತಿ ಇಳಿಸಿ, ಬಿದಿರು ಕಡಿಯುವುದು ಬಿಟ್ಟು ಮರದ ಮೇಲೇನು ಹಾಡುತ್ತಿದ್ದೀಯೋ ಎಂದು ಮಗನನ್ನು ಗದರಿದ. ಮಾತುನುಂಗಿಯ ಎದೆಯ ಕಲ್ಲೂ ಕರಗಿತು. ಅವನು ಸಾಮಾನ್ಯ ಮುದುಕನಾಗಿ ಕೂತು ಒಂದು ಲೋಟ ಮಜ್ಜಿಗೆ ಬೇಡಿದ. ನುಂಗಿದ್ದ ಹಕ್ಕಿಗಳೆಲ್ಲ ಅವನ ಬಾಯಿಂದ ಹೊರಬಂದು ತಮ್ಮ ತಮ್ಮ ಊರಿಗೆ ಹಾರಿದವು, ಗರುಡವೂ ಬಂತು. ಮುಂದೆ ಎಷ್ಟೋ ದಿನ ಜನರಿಗೆ ಹಳೆಯ ಮದುವೆಗಳ ಕರೆ ಮುಟ್ಟುತ್ತಲೇ ಇತ್ತು.

ಗಿರಿಯವ್ವನ ಹಕ್ಕಿ ಅತ್ತಿಮರಕ್ಕೆ ಹೋಗುವಷ್ಟರಲ್ಲಿ ಚೌಡ ಇಳಿಯುತ್ತಿದ್ದ. ಅದು ಅವನ ಹೆಗಲ ಮೇಲೆ ಕೂತು ಹೇಳಿತು: "ಹದಿಮೂರು. ಅಣ್ಣಾ, ಅಪ್ಪನ್ನ ಕರ್ಕೊಂಡು ಬೇಗ ಮನೆಗೆ ಬಾ." ಚೌಡ ನಕ್ಕ, ನಗುತ್ತಲೇ ಕಣ್ಣು ಒದ್ದೆಯಾಯಿತು. 'ಮುಂದೆ ಹದಿನಾಲ್ಕು' ಎಂದು ಹೇಳಿ ಹಕ್ಕಿಯನ್ನು ಹಿಂದಕ್ಕೆ ಕಳಿಸಿದ.

ಅರಸ ಅವಳಿಗೆ ಗರುಡವನ್ನೇ ಉಡುಗೊರೆ ಕೊಡಲು ಬಂದ. ಅವಳು ಗೊರವಂಕವೇ ಸಾಕೆಂದಳು. ಸಂಗಮಯ್ಯನವರ ನಂತರ ಮೊದಲ ವರ್ಷದವರಿಗೆ ಅವಳೇ ಗುರುವಾದಳು. ಆ ನಾಡಿನಲ್ಲಿ ಮಾತು ಕಳೆಯಲಿಲ್ಲ, ಬಿದಿರು ಒಣಗಲಿಲ್ಲ, ಕೇರಿಯಲ್ಲಿ ನಗು ನಿಲ್ಲಲಿಲ್ಲ. ಅಲ್ಲಿ ಅವರಿದ್ದಾರೆ. ಇಲ್ಲಿ ಕತೆ ಹೇಳಿದ ನಾನಿದ್ದೀನಿ. ನೀವಿದ್ದೀರಾ?