ಬಸ್ ಡ್ರೈವರನ ಹೊಲದಾಚೆ ಹೋಗದ ನೀರು

"ಅಕ್ಕಾ, ಇವತ್ತು ಸಂಜೆ ನನ್ನ ಕೈಯಿಂದ ತೂಬಿನ ಕೀಲಿ ಕಿತ್ಕೋತಾರಂತೆ. ಬೇಲೀನೇ ಎದ್ದು ಹೊಲ ಮೇಯ್ತು ಅಂತಿದಾರೆ!"

ನೀರುಗಂಟಿ ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅವನು ಕರೆದದ್ದು ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ ನಿವೃತ್ತ ಶಿಕ್ಷಕಿಯನ್ನು. ಪ್ರೋಗ್ರಾಮಿಂಗ್ ಕಲಿಸಿದವರಾದ್ದರಿಂದ ಊರಿಗೆಲ್ಲ ಕಂಪ್ಯೂಟರಕ್ಕ. ಕಳೆದುಹೋದ ಕರುವಿನಿಂದ ಹಿಡಿದು ಎಲ್ಲ ಗಂಟನ್ನೂ ಅವರೇ ಬಿಡಿಸಬೇಕು.

ಕಾಲುವೆಯ ಸರದಿಯನ್ನು ಆಗ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಒಬ್ಬರ ಹೊಲ ತುಂಬಿದರೆ ಮುಂದಿನವರಿಗೆ ತಾನಾಗಿಯೇ ಫೋನು ಹೋಗುತ್ತಿತ್ತು. ಅವರು ಬಂದರೆ ನೀರುಗಂಟಿ ತೂಬು ತೆರೆಯುತ್ತಿದ್ದ. ಪ್ರೋಗ್ರಾಂ ಬರೆದವಳು ಅಕ್ಕನ ಶಿಷ್ಯೆ, ಬಡಗಿಯಜ್ಜನ ಸೊಸೆ.

ಅಕ್ಕನೂ ನಾನೂ ಕಾಲುವೆಯ ಗುಂಟ ನಡೆದೆವು. ಮೊದಲ ಹೊಲದ ಕುಂಬಾರ ಖುಷಿಯಲ್ಲಿದ್ದ. "ಈ ಸಲ ನನ್ನ ಪಾಳಿ ಬೇಗ ಬಂತಕ್ಕ!" ಬಸ್ ಡ್ರೈವರನ ಹೊಲದವರೆಗೂ ಹಸಿರೇ. ಅದರಾಚೆ, ಈಚೆಗೆ ತೀರಿಕೊಂಡ ಬಡಗಿಯಜ್ಜನ ಹೊಲದಲ್ಲಿ ಕಳೆಯೂ ಬಾಡಿತ್ತು. ಇನ್ನೂ ಆಚೆ ತರಕಾರಿಯವಳು ಬಾಡಿದ ಬದನೆ ಸಸಿ ತೋರಿಸಿ ಕೂಗಿದಳು: "ನಂಗೆ ಫೋನೇ ಬಂದಿಲ್ಲ! ಆ ನೀರುಗಂಟಿ ಸೋಮಾರಿ, ಕಳ್ಳ. ನನ್ನ ನೀರು ಮಾರ್ಕೊಂಡಿದಾನೆ."

"ಮಾರಿದ್ರೆ ಕುಂಬಾರನ ಪಾಳಿ ಯಾಕಪ್ಪ ಬೇಗ ಬರುತ್ತೆ?" ಅಕ್ಕ ನನ್ನ ಕಡೆ ತಿರುಗಿ ಕೇಳಿದರು.

ಸಂಜೆ ನೀರಿನ ಸಂಘದ ಕೋಣೆಯಲ್ಲಿ ಎಲ್ಲರೂ ಸೇರಿದರು. ಕೀಲಿ ಆಗಲೇ ತರಕಾರಿಯವಳ ಮುಷ್ಟಿಯಲ್ಲಿತ್ತು. ಅಕ್ಕ ಡ್ರೈವರ್, ತೀರಿಕೊಂಡ ಅಜ್ಜನ ಜಾಗದಲ್ಲಿ ಅವರ ಹೆಂಡತಿ ಬಡಗಿಯಜ್ಜಿ, ತರಕಾರಿಯವಳು, ಈ ಮೂವರನ್ನು ಸಾಲಾಗಿ ನಿಲ್ಲಿಸಿ, ಮುಂದಿನವರ ಹೆಗಲ ಮೇಲೆ ಕೈಯಿಡಿಸಿದರು.

"ಪ್ರೋಗ್ರಾಂ ಸರದೀನ ಹೀಗೇ ಇಟ್ಕೊಂಡಿದೆ. ಒಬ್ಬೊಬ್ಬರಿಗೂ ತಮ್ಮ ಮುಂದಿನವರು ಮಾತ್ರ ಗೊತ್ತು. ಇದಕ್ಕೆ ಲಿಂಕ್ಡ್ ಲಿಸ್ಟ್ ಅಂತಾರೆ." ಅಜ್ಜಿಯನ್ನು ಮೆಲ್ಲಗೆ ಪಕ್ಕಕ್ಕೆ ಕರೆದುಕೊಂಡರು. ಡ್ರೈವರನ ಕೈ ಗಾಳಿಯಲ್ಲಿ ಉಳಿಯಿತು.

"ನಿನ್ನ ಮುಂದೆ ಯಾರು?"

"ಯಾರೂ ಸಿಗ್ತಿಲ್ವಲ್ಲಕ್ಕ!"

"ಯಾರೂ ಸಿಗದಿದ್ರೆ ಸಾಲು ಮುಗೀತು, ಮೊದಲಿಂದ ಶುರು ಮಾಡು ಅಂತ ಪ್ರೋಗ್ರಾಂನಲ್ಲಿ ಬರೆದಿದೆ. ಅದಕ್ಕೇ ಕುಂಬಾರನ ಪಾಳಿ ಬೇಗ ಬಂತು. ಆಚೆಯವರು ಎಲ್ಲೂ ಹೋಗಿಲ್ಲ, ಅವರನ್ನ ಮುಟ್ಟೋ ಕೈ ಇಲ್ಲ ಅಷ್ಟೆ. ನಡುವಿನವರನ್ನ ತೆಗೆಯೋ ಮುಂಚೆ ಹಿಂದಿನವರ ಕೈನ ಮುಂದಿನವರ ಹೆಗಲಿಗೆ ಇಡಬೇಕಿತ್ತು. ಯಾರೋ ಬಡಗಿಯಜ್ಜನ ಹೆಸರು ಹಾಗೇ ಅಳಿಸಿದಾರೆ."

ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಸೊಸೆಯೇ ಎದ್ದು ನಿಂತಳು.

"ನಾನೇ ಅಕ್ಕ. ಮಾವ ಹೋದ್ಮೇಲೂ ಅವರ ಫೋನು ರಿಂಗಾಗ್ತಿತ್ತು. ಅತ್ತೆ ಪ್ರತಿ ಸಲ 'ಏನ್ರೀ, ನಿಮ್ಮ ಪಾಳಿ ಬಂತು' ಅಂತ ಮಾವ ಮರಗೆಲ್ಸ ಮಾಡ್ತಿದ್ದ ಹಿತ್ತಲಿಗೆ ಓಡೋರು. ಆಮೇಲೆ ಅಲ್ಲೇ ನಿಂತ್ಬಿಡೋರು. ನನ್ನ ಕೈಲಿ ನೋಡಕ್ಕಾಗ್ಲಿಲ್ಲ."

ಅಜ್ಜಿ ಸೊಸೆಯ ಬೆನ್ನು ಸವರಿದರು. "ಹುಚ್ಚಿ, ಹೊಲ ಸತ್ತಿಲ್ವಲ್ಲೇ. ಅಲ್ಲಿ ನನ್ನ ಹೆಸರು ಹಾಕು. ಫೋನು ಅವರದ್ದೇ ಇರ್ಲಿ."

ತರಕಾರಿಯವಳು ಸೆರಗಿನಿಂದ ಮೂಗೊರೆಸಿಕೊಂಡು ಕೀಲಿಯನ್ನು ನೀರುಗಂಟಿಯ ಕೈಗೆ ತುರುಕಿದಳು.

"ಕಳ್ಳ ಅಂದಿದ್ದು ವಾಪಸ್ ತಗೊಂಡೆ. ಸೋಮಾರಿ ಅಂದಿದ್ದು ಹಾಗೇ ಇರ್ಲಿ. ನಡಿಯೋ, ಅಜ್ಜೀದಾದ್ಮೇಲೆ ನಂದೇ ಪಾಳಿ!"