ಮಂಗಳ ಹಾಡದ ಪಾರ್ಟಿ

ನಾನು ಸುಮ್ಮಸುಮ್ಮನೆ ಹೆದರುವವಳಲ್ಲ. ಅರವತ್ತೇಳನೆಯ ಇಸವಿ, ಮಾರ್ಚ್ ತಿಂಗಳು. ಲಾವಣಿ, ತತ್ವಪದಗಳನ್ನು ಗಿಟಾರು ಹಿಡಿದು ಹಾಡುವ ಪರವೂರಿನ ಪಾರ್ಟಿಯೊಂದು ನಮ್ಮೂರು ಕೋಡಿಯಲ್ಲಿ ಖಾಲಿ ಬಿದ್ದಿದ್ದ ಹಂಚಿನ ಗೋದಾಮಿಗೆ ಬರುವುದಿತ್ತು. ಎಳೆಕೂಸಿಗೆ ಹಾಲೂಡಿಸಿ, ಅತ್ತೆಯ ಕೈಗೆ ಕೊಟ್ಟು ಹೊರಟೆ. ಮೂರು ಗಂಟೆಗೆ ತಲುಪಿದಾಗ ಒಳಗೆ ಹಾಡು ಶುರುವಾಗಿಬಿಟ್ಟಿತ್ತು.

ಹೊರಗೆ ಸುಡುಬಿಸಿಲು. ಒಳಗೆ ಕೂತ ನೆಲ ಮಾತ್ರ ಬಾವಿಯ ತಳದ ಹಾಗೆ ತಣ್ಣಗಿತ್ತು. ಹಾಡು ಮುಗಿದರೆ ಮತ್ತೆ ಅದೇ ಹಾಡು; ಪ್ರತಿ ಸಲವೂ ಮೂರನೇ ಸಾಲಿಗೆ ಹಾಡುವವನು ಕೆಮ್ಮುತ್ತಿದ್ದ. ಯಾರೂ ಅಲುಗಲಿಲ್ಲ. ಹಾಲು ಕಟ್ಟಿ ನನ್ನ ಎದೆ ನೋಯತೊಡಗಿತು. ಎದ್ದೆ. ಪಕ್ಕದ ಮುದುಕಿ ಸೆರಗು ಹಿಡಿದಳು.

“ಏಳ್ಬೇಡ ಹೆಣ್ಣೆ. ಮಂಗ್ಳ ಹಾಡ್ಲಿಲ್ಲ.”

ಕೊನೆಗೆ ಮಂಗಳ ಹಾಡದೆ ಏಳಬಾರದೆಂದು ನನ್ನ ಹೆತ್ತ ಅಬ್ಬಿಯೂ ಹೇಳುತ್ತಿದ್ದಳು. ಕೂತೆ.

“ನೀವ್ ಎಷ್ಟೊತ್ತಿಗ್ ಬಂದದ್?”

“ನಾ ಬಪ್ಪತಿಗೂ ಇದೇ ಪದ.”

ಎದೆ ಕಲ್ಲಾಯಿತು. ಕಡೆಗೆ ಕಣ್ಣು ಮುಚ್ಚಿ ನಾನೇ ಮಂಗಳ ಹಾಡಿದೆ. ಗಿಟಾರು ನಿಂತಿತು. ಹಿಂದೆ ನೋಡದೆ ಬಾಗಿಲಿಗೆ ಓಡಿದೆ.

ಹೊರಗೆ ಬಿಸಿಲು ಇದ್ದಲ್ಲೇ ಇತ್ತು. ಪಾರ್ಟಿಯವರು ಆಗಷ್ಟೇ ವ್ಯಾನಿನಿಂದ ಗಿಟಾರು ಇಳಿಸುತ್ತಿದ್ದರು, ಒಬ್ಬ ಕೆಮ್ಮುತ್ತಿದ್ದ. ನನ್ನ ರವಿಕೆ ಹಾಲಿನಲ್ಲಿ ತೊಯ್ದುಹೋಗಿತ್ತು.